ಫ್ರೋಡೋನಿಗೆ ಅರ್ಧ ದಿನದ ಹಾಜರಿ

ಮೂರು ಮಳೆಗಾಲ ಸೋತು ನಾಲ್ಕನೆಯದರಲ್ಲಿ ದಡ ಮುಟ್ಟಿದವನು ನಾನು. ಟೋಲ್ಕಿನ್‌ನ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಥೆಯ ಎರಡನೇ ಸಂಪುಟ ‘ದಿ ಟೂ ಟವರ್ಸ್’ ಅನ್ನು ಕೊಡಗಿನ ನಾಪೋಕ್ಲು ಕಡೆಯ ನಮ್ಮ ಮನೆಯಲ್ಲಿ, ಕಕ್ಕಡದ (ಜುಲೈ-ಆಗಸ್ಟ್ ನಡುವಿನ ಕೊಡವ ತಿಂಗಳು) ಮಳೆಯಲ್ಲಿ, ಇಂಗ್ಲಿಷ್ ಓದದವರಿಗೆ ಕನ್ನಡದಲ್ಲಿ ಹೇಳಿ ಮುಗಿಸಿದೆ. ಕುಳಿತ ಒಂಬತ್ತು ಜನರಲ್ಲಿ ಎಂಟು ಜನ ಕೊನೆಯ ರಾತ್ರಿಯವರೆಗೂ ಇದ್ದರು. ಒಂಬತ್ತನೆಯವರಿಗೆ ನಡುವೆ ಮೊಮ್ಮಗು ಹುಟ್ಟಿತು. ಅದನ್ನು ನನ್ನ ಸೋಲಿನ ಲೆಕ್ಕಕ್ಕೆ ಬರೆಯಬೇಡಿ.

ಓದುಕೂಟ ನಡೆಸುವವರಿಗೆ ಎರಡನೇ ಸಂಪುಟದ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲನೆಯದಕ್ಕೆ ಜನ ತಾವಾಗಿ ಬರುತ್ತಾರೆ, ಎರಡನೆಯದಕ್ಕೆ ಮನೆಮನೆಗೆ ಹೋಗಿ ಕರೆಯಬೇಕು. ಇದರಲ್ಲಂತೂ ಇನ್ನೊಂದು ಗಂಟು ಇದೆ. ಮೊದಲ 11 ಅಧ್ಯಾಯಗಳಲ್ಲಿ ವೈರಿಯ ಮಾಯಾ ಉಂಗುರವನ್ನು ನಾಶ ಮಾಡಲು ಹೊತ್ತು ಹೊರಟ ನಾಯಕ ಫ್ರೋಡೋನ ಸುಳಿವೇ ಇಲ್ಲ. ಆಮೇಲಿನ 10 ಅಧ್ಯಾಯಗಳಲ್ಲಿ ಅವನು, ಅವನ ಜೊತೆಗಾರ ಸ್ಯಾಮ್ ಮತ್ತು ಉಂಗುರದ ಹಿಂದೆ ಬಿದ್ದ ಗಾಲಮ್ ಬಿಟ್ಟರೆ ನಮಗೆ ಪರಿಚಯವಾದವರು ಯಾರೂ ಇಲ್ಲ.

ಮೊದಲ ವರ್ಷ ಇದ್ದದ್ದು ಇದ್ದ ಹಾಗೆಯೇ ಹೇಳಿದೆ. ಹನ್ನೊಂದು ಜನ ಬಂದಿದ್ದರು. ಎರಡನೇ ವಾರ ಅತ್ತೆ ಕೇಳಿದರು, “ಆ ಉಂಗುರದ ಹುಡುಗ ಏನಾದ?” ಇನ್ನೂ ನೂರೈವತ್ತು ಪುಟ ತಾಳಬೇಕು ಎಂದೆ. “ಹಾಗಾದರೆ ಅವನು ಬಂದ ದಿನ ಹೇಳಿ ಕಳುಹಿಸು” ಎಂದು ಕೊಡೆ ಬಿಚ್ಚಿ ಹೊರಟರು. ಐದನೇ ವಾರಕ್ಕೆ ಉಳಿದವರು ಇಬ್ಬರು, ಅವರಲ್ಲಿ ಒಬ್ಬಳು ನನ್ನ ಹೆಂಡತಿ.

ಎರಡನೇ ವರ್ಷ ಸ್ಪೀಕರ್ ತಂದು, ನನ್ನದೇ ದನಿಯನ್ನು ಮೊಬೈಲಿನಲ್ಲಿ ಮುದ್ರಿಸಿ ಕೇಳಿಸಿದೆ. ಜಾಗ ಹೆಚ್ಚಿದೆ ಎಂದು ಶೀಟ್ ಹೊದಿಸಿದ ಕಾಫಿ ಗೋದಾಮಿನಲ್ಲಿ ಕೂರಿಸಿದ್ದು ನನ್ನ ದಡ್ಡತನ. ಕಕ್ಕಡದ ಮಳೆ ಶೀಟಿನ ಮೇಲೆ ಬೀಳುವಾಗ ಪಕ್ಕದಲ್ಲಿ ಕುಳಿತವರ ಕೆಮ್ಮೂ ಕೇಳುವುದಿಲ್ಲ. ಸ್ಪೀಕರಿಗೆ ಕೊಟ್ಟದ್ದು ಸುಮಾರು 1,600 ರೂಪಾಯಿ. ಈಗ ಅದು ಕೊಟ್ಟಿಗೆಯಲ್ಲಿದೆ, ಹಸುಗಳು ಬೆಳಗಿನ ವಾರ್ತೆ ಕೇಳುತ್ತವೆ.

ಮೂರನೇ ವರ್ಷ ತಲೆಕೆಳಗು ಮಾಡಿದೆ. ಫ್ರೋಡೋನ ಅರ್ಧವನ್ನು ಮೊದಲು ಹೇಳಿ, ಕುದುರೆ ಸವಾರರ ಅರ್ಧವನ್ನು ಆಮೇಲಿಗೆ ಇಟ್ಟುಕೊಂಡೆ. ಇದು ಎಲ್ಲಕ್ಕಿಂತ ಕೆಟ್ಟದ್ದು. ಫ್ರೋಡೋ ಶತ್ರುಗಳ ಕೈಗೆ ಸಿಕ್ಕಿದ ಮೇಲೆ ಯಾವ ರಾಜನ ಕೋಟೆಗೆ ಮುತ್ತಿಗೆ ಬಿದ್ದರೆ ಯಾರಿಗೆ ಏನಾಗಬೇಕು?

ದಾರಿ ತೋರಿಸಿದ್ದು ಬೂಷ್ಟು. ಮಳೆಗಾಲದಲ್ಲಿ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು. ಪುಸ್ತಕದ ಬೆನ್ನಿನ ಮೇಲೆ ಬೂದಿ ಉದುರಿಸಿದ ಹಾಗೆ ಬಿಳಿ ಪದರ ಕಟ್ಟಿತ್ತು. ಒಣಗಲಿ ಎಂದು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟೆ. ನಾಲ್ಕು ದಿನ ಬಿಟ್ಟು ತೆಗೆದರೆ ಹೊಗೆಯ ವಾಸನೆ ಹತ್ತಿದೆ, ಅಂಚು ಕಂದಿದೆ, ಬೆನ್ನಿನ ಅಂಟು ಬಿಸಿಗೆ ಸಡಿಲವಾಗಿದೆ. ಎತ್ತಿಕೊಂಡ ಕೂಡಲೇ ಎರಡು ತುಂಡಾಗಿ ಒಂದು ಎಡಗೈಯಲ್ಲಿ, ಇನ್ನೊಂದು ಬಲಗೈಯಲ್ಲಿ ನಿಂತಿತು. ಮೊದಲ ಅರ್ಧ ಮುಗಿಯುವ ಕಡೆ, ಹತ್ತು ಹನ್ನೆರಡು ಪುಟ ಆಚೀಚೆ. ಎರಡೂ ಕೈಯನ್ನು ನೋಡುತ್ತಾ ನಿಂತವನಿಗೆ ಅಜ್ಜ ಜೈಮಿನಿ ಭಾರತ ಓದಿಸುತ್ತಿದ್ದದ್ದು ನೆನಪಾಯಿತು. ‘ಅತ್ತಲಾಗಿ’ ಎಂದು ಒಂದು ಕಥೆ, ‘ಇತ್ತಲಾಗಿ’ ಎಂದು ಇನ್ನೊಂದು. ನಮ್ಮ ಕಿವಿ ಇದಕ್ಕೆ ನೂರಾರು ವರ್ಷಗಳಿಂದ ಪಳಗಿದೆ. ಹಾಗಿದ್ದರೆ ಎರಡು ಅರ್ಧಗಳನ್ನು ಹೆಣೆದು ಹೇಳಲು ಏನು ಅಡ್ಡಿ?

ಹೆಣೆಯಲು ತಾರೀಖು ಬೇಕು. ಅದು ಮೂರನೇ ಸಂಪುಟದ ಕೊನೆಗಿರುವ ಅನುಬಂಧವೊಂದರಲ್ಲಿದೆ, ದಿನಕ್ಕೊಂದು ಸಾಲಿನಂತೆ. ಪಕ್ಕದ ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವರು, ನಮ್ಮ ಕೂಟದ ಹಳೆಯ ಸದಸ್ಯರು. ಆಳುಗಳ ಹಾಜರಿ ಪುಸ್ತಕವೊಂದರಲ್ಲಿ ಎಡಗಡೆ ಪಾತ್ರಗಳ ಹೆಸರು, ಮೇಲೆ ತಾರೀಖು ಹಾಕಿ, ಯಾರು ಯಾವ ದಿನ ಎಲ್ಲಿ ಎಂದು ಗುರುತು ಮಾಡಿದರು. ಮೊದಲ ತಕರಾರೂ ಅವರದೇ: “ಫೆಬ್ರವರಿ 30 ಎಲ್ಲಿಂದ ಬಂತು ಸ್ವಾಮಿ?” ಆ ಲೋಕದ ಪಂಚಾಂಗದಲ್ಲಿ ತಿಂಗಳಿಗೆ ಸರಿಯಾಗಿ 30 ದಿನ ಎಂದು ಹೇಳಿದರೆ, ಸಂಬಳದ ಲೆಕ್ಕಕ್ಕೆ ಎಷ್ಟು ಸಲೀಸು ಎಂದು ಹೊಟ್ಟೆಕಿಚ್ಚುಪಟ್ಟರು.

ಹಾಜರಿ ಹಾಕಿದ ಮೇಲೆ ಕಂಡದ್ದನ್ನು ನಾನು ಐದು ಸಲ ಓದಿಯೂ ಕಂಡಿರಲಿಲ್ಲ. ಫ್ರೋಡೋನ ಗೆಳೆಯರಾದ ಮೆರಿ, ಪಿಪ್ಪಿನ್ ಇಬ್ಬರೂ ವೈರಿಗಳ ಕೈಯಿಂದ ತಪ್ಪಿಸಿಕೊಂಡು ಕಾಡಿನಲ್ಲಿ ಮರಗಳ ಕಾವಲುಗಾರ ಟ್ರೀಬಿಯರ್ಡ್‌ನನ್ನು ಕಾಣುವುದು ಫೆಬ್ರವರಿ 29. ಫ್ರೋಡೋ ಬಂಡೆ ಇಳಿದು ಗಾಲಮ್‌ನನ್ನು ಹಿಡಿಯುವುದೂ ಅದೇ ದಿನ. ಒಂದೇ ದಿನ ಒಬ್ಬರಿಗೆ ಮರದಂಥ ಅಜ್ಜ, ಇನ್ನೊಬ್ಬರಿಗೆ ಆ ಪೀಡೆ. ಮಾರ್ಚ್ 5ರಂದು ಫ್ರೋಡೋ ವೈರಿಯ ನಾಡಿನ ಕಪ್ಪು ಬಾಗಿಲಿನ ಎದುರು ಹಗಲೆಲ್ಲ ಅಡಗಿದ್ದು ಮುಸ್ಸಂಜೆಗೆ ಹೊರಡುತ್ತಾನೆ. ಅದೇ ರಾತ್ರಿ ದೂರದಲ್ಲಿ ಪಿಪ್ಪಿನ್ ಎಲ್ಲಿಂದ ಎಲ್ಲಿಗೋ ಕಾಣಿಸುವ ಮಾಯಾ ಕಲ್ಲಿನೊಳಗೆ ಇಣುಕಿ ವೈರಿಯ ಕಣ್ಣಿಗೆ ಬೀಳುತ್ತಾನೆ. ಎರಡನ್ನೂ ಒಂದೇ ರಾತ್ರಿ ಹೇಳಿದಾಗ ನಡುಮನೆಯಲ್ಲಿ ಯಾರೂ ಕಾಫಿ ಲೋಟ ಎತ್ತಲಿಲ್ಲ.

ಆದರೆ ತಾರೀಖನ್ನೇ ಕಟ್ಟುನಿಟ್ಟಾಗಿ ಹಿಡಿದರೆ ಕೆಟ್ಟಿರಿ. ಮೊದಲ ಅರ್ಧದ 11 ಅಧ್ಯಾಯಗಳೂ ಮಾರ್ಚ್ 5ಕ್ಕೆ ಮುಗಿಯುತ್ತವೆ. ಅಷ್ಟರಲ್ಲಿ ಫ್ರೋಡೋನ ಕಡೆ ಮುಗಿದಿರುವುದು ಬರೀ ಮೂರು. ಮಿಕ್ಕ ಏಳು ಒಂಟಿಯಾಗಿ ಉಳಿಯುತ್ತವೆ. ಆ ಮೂರನ್ನು ಏಳೆಂಟು ತುಂಡು ಮಾಡಿ, ಪ್ರತಿ ರಾತ್ರಿಯ ಕೊನೆಗೆ ಊಟದ ಕೊನೆಯ ಮಜ್ಜಿಗೆಯಂತೆ ಒಂದೊಂದನ್ನು ಬಡಿಸಿದೆ. ಮಾಂತ್ರಿಕ ಸರುಮಾನ್‌ನ ಕೋಟೆ ಐಸೆನ್‌ಗಾರ್ಡ್ ಮುಳುಗಿದ ಕಥೆಯನ್ನು ಮೂಲದಲ್ಲಿ ಮೆರಿ, ಪಿಪ್ಪಿನ್ ಆಮೇಲೆ ಕುಳಿತು ಹೇಳುತ್ತಾರೆ. ಅದನ್ನು ಕಿತ್ತು ಅದರ ದಿನಕ್ಕೇ ನೆಟ್ಟೆ. ಉಳಿದ ಏಳು ಅಧ್ಯಾಯಗಳ ಒಂಟಿತನವನ್ನು ಹೇಗೆ ದಾಟಿಸಿದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನಾಲ್ಕು ವರ್ಷ ಒದ್ದಾಡಿ ಕಲಿತದ್ದು, ಮುಂದಿನ ಮಳೆಗಾಲ ನಮ್ಮಲ್ಲಿಗೇ ಬಂದು ಕೇಳಿ.

ಕೇಳಿದವರ ಪ್ರತಿಕ್ರಿಯೆಯೇ ನನಗೆ ಸಿಕ್ಕ ಕೂಲಿ. ನಾನು ಇಷ್ಟು ವರ್ಷ ಕೋಟೆಯ ಯುದ್ಧವೇ ಈ ಸಂಪುಟದ ಜೀವ ಎಂದುಕೊಂಡಿದ್ದೆ. ಅದು ಹುಡುಗರಿಬ್ಬರಿಗೆ ಬಿಟ್ಟರೆ ಯಾರಿಗೂ ನಾಟಲಿಲ್ಲ. ನಾಟಿದ್ದು ಮರಗಳು. ಮರಗಡ್ಡದ ಅಜ್ಜ ಟ್ರೀಬಿಯರ್ಡ್ ತನ್ನವರನ್ನು ಕೂಡಿಸಿ ಮೂರು ದಿನ ಸಭೆ ನಡೆಸಿದ ಎಂದರೆ, “ಮೂರೇ ದಿನವೇ? ನಮ್ಮ ಒಕ್ಕದ (ಮನೆತನದ) ಜಾಗದ ಮಾತು ಮೂವತ್ತು ವರ್ಷದಿಂದ ನಡೆಯುತ್ತಿದೆ” ಎಂದು ಹಿರಿಯರೊಬ್ಬರು ನಕ್ಕರು. ಸರುಮಾನ್ ಕುಲುಮೆಗೆ ಉರಿಸಲು ಕಾಡು ಕಡಿಸಿದ, ಕೆಲವು ಮರಗಳನ್ನು ಸುಮ್ಮನೆ ಕಡಿದು ಕೊಳೆಯಲು ಬಿಟ್ಟ ಎನ್ನುವಾಗ ನಗು ನಿಂತಿತು. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿ ಒಣಗಿದ ಕೊಂಬೆ ಮುಟ್ಟಲೂ ಹೆದರಿ ಬೆಳೆದವರು ಇವರು. ಮರಗಳೇ ನಡೆದುಬಂದು ಗೋಡೆ ಕಿತ್ತವು ಎಂದಾಗ ಯಾರಿಗೂ ಅದು ಕಟ್ಟುಕಥೆ ಎನ್ನಿಸಲಿಲ್ಲ. “ತಡವಾಯಿತು” ಎಂದರು, ಅಷ್ಟೇ.

ಆ ಅಜ್ಜಂದಿರು ತಮ್ಮ ಹೆಣ್ಣುಗಳನ್ನು ಕಳೆದುಕೊಂಡ ಭಾಗಕ್ಕೆ ಅತ್ತೆ ಹಿಡಿದ ಜಗಳ ಎರಡು ದಿನ ನಡೆಯಿತು. ಗಂಡಸರಿಗೆ ಕಾಡು ಇಷ್ಟ, ಹೆಂಗಸರಿಗೆ ತೋಟ. ಅವರು ನದಿ ದಾಟಿ ಹೋಗಿ ಬೇಸಾಯ ಮಾಡಿದರು, ಇವರು ಬಹಳ ಕಾಲದ ಮೇಲೆ ಹುಡುಕಿಕೊಂಡು ಹೋದಾಗ ಅಲ್ಲಿ ಬಯಲು. “ದುಡಿದವರು ಅವರು, ಹಾಡು ಕಟ್ಟಿದವರು ಇವರು. ನಡುವೆ ಒಂದು ಸಲ ಹೋಗಿ ನೋಡಿಕೊಂಡು ಬರಲು ಕಾಲಿಗೇನಾಗಿತ್ತು?” ಎಂದರು ಅತ್ತೆ. ಮಾವ ಎದ್ದು ಟಾರ್ಚ್ ಹುಡುಕುವ ನೆಪದಲ್ಲಿ ಒಳಗೆ ಹೋದರು.

ಸರುಮಾನ್‌ನ ಮಾತಿನ ಮೋಡಿಯನ್ನು ವಿವರಿಸಲು ನಾನು ಉಪಮೆ ಹುಡುಕುತ್ತಿದ್ದೆ. ರೈಟರ್ ಒಂದೇ ಮಾತಿನಲ್ಲಿ ಮುಗಿಸಿದರು: “ರೆಸಾರ್ಟ್‌ಗೆ ಜಾಗ ಕೇಳಲು ಬರುವ ದಲ್ಲಾಳಿ.” ಸ್ಯಾಮ್ ಮೊಲದ ಸಾರು ಮಾಡುವ ಅಧ್ಯಾಯದಲ್ಲಿ ಕಥೆ ಮುಕ್ಕಾಲು ಗಂಟೆ ನಿಂತಿತು. ಹುಳಿ ಇಲ್ಲದೆ, ನಮ್ಮ ಕಪ್ಪು ಹುಳಿರಸ ಕಾಚಂಪುಳಿ ಇಲ್ಲದೆ, ಮೆಣಸೂ ಇಲ್ಲದೆ ಬರೀ ಸೊಪ್ಪು ಹಾಕಿ ಬೇಯಿಸಿದ್ದು ಸಾರೇ ಅಲ್ಲ ಎಂದು ತೀರ್ಮಾನವಾಯಿತು. ಆ ಒಲೆಯ ಹೊಗೆಯೇ ಅವರನ್ನು ಸೈನಿಕರ ಕೈಗೆ ಒಪ್ಪಿಸಿತು ಎಂದಾಗ ಅತ್ತೆ, “ಹಸಿ ಸೌದೆ ಇಟ್ಟಿರಬೇಕು” ಎಂದರು.

ಒಂದು ವಿಷಯದಲ್ಲಿ ಮಾತ್ರ ಬೆನ್ನು ತಟ್ಟಿಕೊಳ್ಳುತ್ತೇನೆ. ಟ್ರೀಬಿಯರ್ಡ್ ಇಬ್ಬರಿಗೂ ಕುಡಿಯಲು ಕೊಡುವ ನೀರಿನಿಂದ ಅವರು ಎತ್ತರ ಬೆಳೆಯುತ್ತಾರಲ್ಲ, ಆ ರಾತ್ರಿಯನ್ನು ಲೆಕ್ಕ ಹಾಕಿ, ಮದ್ದುಸೊಪ್ಪಿನಲ್ಲಿ ಔಷಧದ ಗುಣ ತುಂಬಿರುತ್ತದೆ ಎಂದು ನಾವು ನಂಬುವ ಕಕ್ಕಡ ಹದಿನೆಂಟಕ್ಕೆ ತಂದು ನಿಲ್ಲಿಸಿದೆ. ಎಲ್ಲರ ಕೈಯಲ್ಲೂ ಕೆನ್ನೇರಳೆ ಬಣ್ಣದ ಮದ್ದುಸೊಪ್ಪಿನ ಪಾಯಸ. ವಿವರಣೆಯೇ ಬೇಕಾಗಲಿಲ್ಲ. ಆದರೆ ಅಜ್ಜನ ಮಾತು ನಿಧಾನ ಎಂದು ನಾನೂ ನಿಧಾನವಾಗಿ ಎಳೆದು ಹೇಳಿದ ಪ್ರಯೋಗಕ್ಕೆ ಮೂವರು ಗೊರಕೆ ಹೊಡೆದರು. ಅದನ್ನು ನೀವು ಮಾಡಬೇಡಿ.

ಬೂಷ್ಟಿನ ಬಗ್ಗೆಯೂ ಹೇಳಿಬಿಡುತ್ತೇನೆ. ಕರ್ಪೂರ ಇಟ್ಟು ನೋಡಿದೆ, ಕಾಳುಮೆಣಸು ಇಟ್ಟು ನೋಡಿದೆ, ಔಷಧದ ಡಬ್ಬಿಗಳ ಸಿಲಿಕಾ ಪೊಟ್ಟಣ ಕೂಡಿಟ್ಟು ನೋಡಿದೆ. ಕಪಾಟಿನೊಳಗೆ ಹಳೆಯ ಕಾಲದ 15 ವಾಟ್‌ನ ತಂತಿ ಬಲ್ಬ್ ಉರಿಸುವುದಕ್ಕೆ ಯಾವುದೂ ಸಮವಲ್ಲ. ಎಲ್‌ಇಡಿ ಹಾಕಿದರೆ ಬೆಳಕು ಬರುತ್ತದೆ, ಕಾವು ಬರುವುದಿಲ್ಲ. ಕಾವೇ ಮುಖ್ಯ. ಆದರೆ ಕರೆಂಟ್ ಇರಬೇಕಲ್ಲ. ಕಳೆದ ಕಕ್ಕಡದಲ್ಲಿ ಒಮ್ಮೆ ಐದು ದಿನ ಇರಲಿಲ್ಲ.

ಒಟ್ಟು ಖರ್ಚು ನಾಲ್ಕು ವರ್ಷಕ್ಕೆ ಒಂಬತ್ತು ಸಾವಿರದ ಆಸುಪಾಸು: ತುಂಡಾದ ಪ್ರತಿ ಮೈಸೂರಿನಲ್ಲಿ ಹಳೆಯದಾಗಿ ಕೊಂಡದ್ದು 180, ಹೊಸದು ನಾನೂರು ಚಿಲ್ಲರೆ, ಅನುಬಂಧಕ್ಕೋಸ್ಕರ ಕೊಂಡ ಮೂರನೆಯದು ಇನ್ನೊಂದು ನಾನೂರೈವತ್ತು, ದೀಪ, ಆ ದರಿದ್ರ ಸ್ಪೀಕರ್. ಮಿಕ್ಕದ್ದೆಲ್ಲ ಸಕ್ಕರೆ, ಹಾಲು ಮತ್ತು ಹಲಸಿನ ಚಿಪ್ಸ್. ಕಾಫಿ ಪುಡಿ ಮನೆಯದು, ಲೆಕ್ಕಕ್ಕಿಲ್ಲ.

ಇದೇ ವಿದ್ಯೆಯನ್ನು ಇನ್ನೊಂದು ಸರಣಿಯ ಎರಡನೇ ಪುಸ್ತಕದ ಮೇಲೆ ತೋರಿಸಲು ಹೋಗಿ ಮುಖಭಂಗವಾಯಿತು. ಅದರಲ್ಲಿ ಪ್ರತಿ ಅಧ್ಯಾಯವೂ ಒಬ್ಬೊಬ್ಬ ಪಾತ್ರದ ಹೆಸರಿನಲ್ಲಿ ಮೊದಲೇ ಹೆಣೆದೇ ಬಂದಿದೆ. ಹೆಣೆದ ಚಾಪೆಯನ್ನು ಮತ್ತೆ ಹೆಣೆಯಲಾಗುವುದಿಲ್ಲ.

ಮೈಸೂರಿನ ಗೆಳೆಯನೊಬ್ಬ ಇನ್ನೂ ಒಪ್ಪಿಲ್ಲ. ಲೇಖಕ ಬೇಕೆಂದೇ ಎರಡನ್ನು ಬೇರೆ ಇಟ್ಟಿದ್ದಾನೆ, ಫ್ರೋಡೋ ಎಲ್ಲಿದ್ದಾನೋ ಎನ್ನುವ ತಳಮಳವೇ ಅದರ ರುಚಿ ಎನ್ನುತ್ತಾನೆ. ಒಬ್ಬನೇ ಕುಳಿತು ಓದುವವನಿಗೆ ಅವನ ಮಾತು ನಿಜ. ಆ ರುಚಿಯನ್ನು ನಾನು ಕಳೆದೆ. ಆದರೆ ಟೋಲ್ಕಿನ್‌ಗೆ ಇದು ಮೂರು ಪುಸ್ತಕವಲ್ಲ, ಒಂದೇ. ಯುದ್ಧಾನಂತರದ ಕಾಗದದ ಬೆಲೆಗೆ ಹೆದರಿ ಪ್ರಕಾಶಕರು ಮೂರು ಮಾಡಿದರು. ಅವರು ಕತ್ತರಿಸಬಹುದು, ನಾನು ಹೊಲಿಯಬಾರದೇ?

1954ರ ನವೆಂಬರಿನಲ್ಲಿ ಈ ಸಂಪುಟ ಓದಿದವರು ಮುಂದಿನದಕ್ಕೆ 1955ರ ಅಕ್ಟೋಬರ್‌ವರೆಗೆ ಕಾದಿದ್ದರು. ನಮ್ಮವರೂ ಮುಂದಿನ ಕಕ್ಕಡದವರೆಗೆ ಕಾಯಲಿ ಎಂದು ಕೊನೆಯ ರಾತ್ರಿ ಅಲ್ಲಿಗೇ ನಿಲ್ಲಿಸಿದೆ. ಜೇಡದ ಗುಹೆ, ಸತ್ತನೆಂದು ಸ್ಯಾಮ್ ಬಿಟ್ಟುಹೋದ ಫ್ರೋಡೋ, ಆಮೇಲೆ ಅವನಿಗೆ ಜೀವವಿದೆ ಎಂದು ವೈರಿಗಳ ಬಾಯಿಂದಲೇ ತಿಳಿಯುವುದು. ರೈಟರ್ ಹಾಜರಿ ಪುಸ್ತಕ ತೆರೆದು ಕುಳಿತಿದ್ದರು. ಫ್ರೋಡೋನ ಸಾಲಿನಲ್ಲಿ, ಮಾರ್ಚ್ 13ರ ಕೆಳಗೆ, ಆಗಲೇ ‘ಗೈರು’ ಎಂದು ಬರೆದುಬಿಟ್ಟಿದ್ದರು. ಅದನ್ನು ರಬ್ಬರಿನಿಂದ ಉಜ್ಜಿ, ಸ್ವಲ್ಪ ಹೊತ್ತು ಯೋಚಿಸಿ, ‘ಅರ್ಧ ದಿನ’ ಎಂದು ಬರೆದರು. ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, ಸ್ಯಾಮ್‌ನಿಗೆ ಓವರ್‌ಟೈಮ್ ಹಾಕಲು ಹೇಳಿದರು.