ಪೇಟಿ ಮುಂದಿನ ಪಾಳಿ: ಹಿಂದುಳಿದ ಓಣಿಗಳ ಮಕ್ಕಳಿಗೆ ಸಂಗೀತ ತರಗತಿ ನಡೆಸುವ ಬಗೆ

ಉಚಿತ ಸಂಗೀತ ತರಗತಿ ಎಂದು ಬೋರ್ಡ್ ಹಾಕಿದ ಕೂಡಲೇ ಎಲ್ಲ ಮಕ್ಕಳಿಗೂ ಸಂಗೀತ ಸಿಕ್ಕಿಬಿಡುವುದಿಲ್ಲ. ಒಂದು ಪೇಟಿ (ಹಾರ್ಮೋನಿಯಂ), ಇಪ್ಪತ್ತು ಮಕ್ಕಳು ಇರುವ ಕಡೆ ಒಂದು ವಾರ ಹಿಂದೆ ಕೂತು ಗಡಿಯಾರ ನೋಡಿ. ಮನೆಯಲ್ಲಿ ಭಜನೆ ಕೇಳಿ ಬೆಳೆದವನು, ಮಾಸ್ತರರಿಗೆ ಪರಿಚಯದವರ ಮಗಳು, ಧೈರ್ಯದಿಂದ ಮುಂದೆ ಬಂದು ಕೂಡುವವನು, ಇಂಥ ಮೂರ್ನಾಲ್ಕು ಜನರ ಕೈಯಲ್ಲೇ ಪೇಟಿ ಇರುತ್ತದೆ. ಲಂಬಾಣಿ ತಾಂಡಾದಿಂದ ಬಂದ ಹುಡುಗಿ ಹಿಂದಿನ ಸಾಲಿನಲ್ಲಿ ಚಪ್ಪಾಳೆ ತಟ್ಟುತ್ತಾ ಆರು ತಿಂಗಳು ಕಳೆದು, ಒಂದು ದಿನ ಬರುವುದನ್ನು ಬಿಡುತ್ತಾಳೆ. ಆಕೆಗೆ ಆಸಕ್ತಿ ಇರಲಿಲ್ಲ ಎಂದು ನಾವು ಬರೆದುಕೊಳ್ಳುತ್ತೇವೆ. ಅದಕ್ಕೇ ಈ ಬರಹದಲ್ಲಿ ರಾಗಕ್ಕಿಂತ ನಿಮಿಷಗಳ ಲೆಕ್ಕ ಹೆಚ್ಚಿದೆ.

ಇಲ್ಲಿ ಹೇಳುವುದು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಳ್ಳಿ, ತಾಂಡಾ, ಹಾಸ್ಟೆಲ್ ಅಥವಾ ಪಟ್ಟಣದ ಓಣಿಯಲ್ಲಿ 9ರಿಂದ 15 ವರ್ಷದ ಇಪ್ಪತ್ತು ಮಕ್ಕಳಿಗೆ, ವಾರಕ್ಕೆ ಮೂರು ದಿನ, ದಿನಕ್ಕೆ 75 ನಿಮಿಷ ನಡೆಸುವ ತರಗತಿಯ ಬಗ್ಗೆ. ಇಪ್ಪತ್ತಕ್ಕಿಂತ ಹೆಚ್ಚು ಮಕ್ಕಳು ಬಂದರೆ ಎರಡನೇ ತಂಡ ಮಾಡಿ. ಒಂದೇ ತಂಡಕ್ಕೆ ತುಂಬಬೇಡಿ.

ಜಾಗ

ಜಾಗ ಗೊತ್ತು ಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಕಟ್ಟೆ ಹತ್ತಲು ಹಿಂಜರಿಯುವ ತಾಯಿ ಊರಿನಲ್ಲಿ ಒಬ್ಬಳಾದರೂ ಇದ್ದಾಳೆಯೇ? ಇದ್ದರೆ ಅಲ್ಲಿ ಬೇಡ. ಗುಡಿಯ ಪಡಸಾಲೆ, ಒಂದು ಸಮಾಜದ ಹೆಸರಿನ ಸಮುದಾಯ ಭವನ, ಗೌಡರ ವಾಡೆಯ ಅಂಗಳ ಪುಕ್ಕಟೆ ಸಿಗುತ್ತವೆ, ನಿಜ. ಆದರೆ ಅಲ್ಲಿಗೆ ಯಾರು ಬರುವುದಿಲ್ಲ ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಸರ್ಕಾರಿ ಶಾಲೆಯ ಕೋಣೆ ಎಲ್ಲಕ್ಕಿಂತ ಮೇಲು. ಅದು ಸಿಗದಿದ್ದರೆ ಗ್ರಾಮ ಪಂಚಾಯತಿಯ ಅರಿವು ಕೇಂದ್ರ (ಗ್ರಂಥಾಲಯ) ಕೇಳಿ. ಕೀಲಿ ಯಾರ ಹತ್ತಿರ ಇರುತ್ತದೆ ಎಂಬುದನ್ನು ಮೊದಲ ದಿನವೇ ಬರೆದಿಡಿ. ಕೀಲಿ ಸಿಗದೆ ತಪ್ಪುವ ತರಗತಿಗಳು ಮಾಸ್ತರರು ಬಾರದೆ ತಪ್ಪುವುದಕ್ಕಿಂತ ಹೆಚ್ಚು.

ಸಾಮಾನು

ಎರಡು ಪೇಟಿ, ಒಂದು ಜೋಡಿ ತಬಲಾ ದಗ್ಗಾ, ಆರು ಜೋಡಿ ತಾಳ, ಎರಡು ಹಲಗಿ (ತಮಟೆ), ಎರಡು ಜಮಖಾನೆ, ತಂಬೂರಿ ಆ್ಯಪ್ ಇರುವ ಒಂದು ಮೊಬೈಲು, ಬ್ಯಾಟರಿಯ ಚಿಕ್ಕ ಸ್ಪೀಕರು. ಮೊದಲ ವರ್ಷಕ್ಕೆ ಇಷ್ಟು ಸಾಕು. ಮೀರಜ ನಮಗೆ ಹತ್ತಿರ, ಅಲ್ಲಿನ ಸಿತಾರ ಮತ್ತು ತಂಬೂರಿಗೆ 2024ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ. ಆದರೂ ಹತ್ತಾರು ಕೈ ಬದಲಾಗುವ ಕೋಣೆಯಲ್ಲಿ ಸೋರೆ ಬುರುಡೆ ಬಹಳ ದಿನ ಬಾಳುವುದಿಲ್ಲ. ತಂಬೂರಿಯನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ.

ಪೇಟಿ ಕೊಳ್ಳುವಾಗ ಶ್ರುತಿ ಬದಲಿಸುವ ಸ್ಕೇಲ್ ಚೇಂಜರ್, ಎರಡು ಸಪ್ತಕ ಒಟ್ಟಿಗೆ ನುಡಿಸುವ ಕಪ್ಲರ್ ಇರುವುದನ್ನು ಬಿಟ್ಟುಬಿಡಿ. ದುಡ್ಡೂ ಹೆಚ್ಚು, ಕೆಡುವ ಭಾಗಗಳೂ ಹೆಚ್ಚು. ಅಂಗಡಿಯಲ್ಲೇ ಮೂರು ಪರೀಕ್ಷೆ ಮಾಡಿ. ಸ್ಟಾಪುಗಳನ್ನೆಲ್ಲ (ಮುಂದಿನ ಎಳೆಯುವ ಗುಂಡಿಗಳು) ಮುಚ್ಚಿ, ಭಾತಿ ಅಂದರೆ ಹಿಂದಿನ ತಿದಿ ಹೊಡೆದು ಗಾಳಿ ತುಂಬಿ, ಕೈ ಬಿಟ್ಟು ಎಣಿಸಿ. ಎರಡು ಮೂರು ಎಣಿಸುವಷ್ಟರಲ್ಲಿ ಗಾಳಿ ಇಳಿದರೆ ಭಾತಿ ಸೋರುತ್ತಿದೆ. ನಂತರ ಸ್ಟಾಪು ತೆರೆದು, ಯಾವ ಮನೆಯನ್ನೂ (ಬಿಳಿ, ಕರಿ ಕೀ) ಒತ್ತದೆ ಗಾಳಿ ಹೊಡೆಯಿರಿ. ತಾನಾಗಿ ಕೂಗುವ ಮನೆ ಇದ್ದರೆ ಅದರ ಕೆಳಗಿನ ಮುಚ್ಚಳ ಕೂತಿಲ್ಲ. ಕೊನೆಗೆ ಪ್ರತಿ ಮನೆಯನ್ನೂ ಒಂದೊಂದಾಗಿ ನಿಧಾನ ಒತ್ತಿ ನೋಡಿ. ತಬಲಾಕ್ಕೆ ನಿಮ್ಮ ಪಟ್ಟಿ (ಯಾವ ಮನೆ ‘ಸಾ’ ಎಂಬುದು) ಯಾವುದೆಂದು ಹೇಳಿಯೇ ದಾಯಾ (ಬಲಗೈಯ ತಬಲಾ) ಆರಿಸಿ. ಬಾಯಿ ಚಿಕ್ಕದಾದಷ್ಟೂ ಶ್ರುತಿ ಮೇಲೇರುತ್ತದೆ. ಪಟ್ಟಿಗೆ ಹೊಂದದ ದಾಯಾವನ್ನು ಸುತ್ತಿಗೆಯಿಂದ ಬಲವಂತವಾಗಿ ಏರಿಸಿದರೆ ಚರ್ಮ ಅಂಚಿನಲ್ಲಿ ಹರಿಯುತ್ತದೆ.

ಒಟ್ಟು ಹಣವನ್ನೆಲ್ಲ ವಾದ್ಯಕ್ಕೇ ಹಾಕಬೇಡಿ. ಮೂರನೇ ಒಂದು ಭಾಗವನ್ನು ರಿಪೇರಿ, ಬಸ್ ಚಾರ್ಜು ಮತ್ತು ಪರೀಕ್ಷಾ ಶುಲ್ಕಕ್ಕೆ ಎತ್ತಿಡಿ. ಯರಿ ಮಣ್ಣಿನ ಧೂಳು ರೀಡಿನಲ್ಲಿ (ಸ್ವರ ಹೊರಡಿಸುವ ಲೋಹದ ನಾಲಿಗೆ) ಕೂತು ಮನೆ ಮೂಕಾಗುವುದು ಈ ಭಾಗದಲ್ಲಿ ದಿನನಿತ್ಯದ ಮಾತು. ರೀಡಿನ ನಾಲಿಗೆ ಕೆಳಗೆ ತೆಳುವಾದ ಕಾಗದದ ತುಂಡು ಜಾರಿಸಿ ಮೆಲ್ಲಗೆ ಎಳೆದರೆ ಧೂಳು ಬಿಡುತ್ತದೆ. ನಾಲಿಗೆಯನ್ನು ಬೆರಳಿನಿಂದ ಎತ್ತಿದರೆ ಸ್ವರವೇ ಬದಲಾಗುತ್ತದೆ. ವಾದ್ಯ ನೆಲದ ಮೇಲೆ ಇಡಬೇಡಿ, ಇಲಿಗಳಿಗೆ ಭಾತಿಯ ಚರ್ಮ ಬಲು ಪ್ರೀತಿ.

ಪಾಳಿ ವಹಿ

ಎಲ್ಲದರ ಜೀವಾಳ ಇದು. ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಮಕ್ಕಳ ಹೆಸರು, ಮೇಲೆ ತಾರೀಖು, ನಡುವಿನ ಚೌಕದಲ್ಲಿ ಎರಡೇ ಸಂಗತಿ: ಯಾವ ವಾದ್ಯ, ಎಷ್ಟು ನಿಮಿಷ. ಬರೆಯುವುದು ಮಾಸ್ತರರಲ್ಲ, ಮಕ್ಕಳೇ, ವಾರಕ್ಕೊಬ್ಬರಂತೆ.

75 ನಿಮಿಷ ಹೀಗೆ ಹಂಚಿ: ಹತ್ತು ನಿಮಿಷ ಬರೀ ‘ಸಾ’, ಹದಿನೈದು ನಿಮಿಷ ಅಲಂಕಾರ (ಸ್ವರಗಳ ವರಸೆಯ ಅಭ್ಯಾಸ), ಮೂವತ್ತು ನಿಮಿಷ ವಾದ್ಯ, ಹದಿನೈದು ನಿಮಿಷ ಹಾಡು, ಕೊನೆಯ ಐದು ನಿಮಿಷ ವಹಿ. ಎರಡು ಪೇಟಿ, ಮೂವತ್ತು ನಿಮಿಷ ಎಂದರೆ ಒಟ್ಟು ಅರವತ್ತು. ಇಪ್ಪತ್ತೂ ಮಕ್ಕಳಿಗೆ ಹಂಚಿದರೆ ತಲೆಗೆ ಮೂರು ನಿಮಿಷ, ಅಷ್ಟರಲ್ಲಿ ಬೆರಳು ಹೊಂದಿಕೊಳ್ಳುವುದೂ ಇಲ್ಲ. ಆದ್ದರಿಂದ ಇಂದು ಹತ್ತು ಮಕ್ಕಳು, ಮುಂದಿನ ತರಗತಿಗೆ ಇನ್ನು ಹತ್ತು, ತಲಾ ಆರು ನಿಮಿಷ. ಅದೇ ಹೊತ್ತಿಗೆ ಉಳಿದ ಹತ್ತರಲ್ಲಿ ಐವರು ತಬಲಾಕ್ಕೆ, ತಲಾ ಆರು ನಿಮಿಷ. ಇನ್ನೈವರು ಕಾಗದದ ಪೇಟಿಗೆ.

ಕಾಗದದ ಪೇಟಿ ಎಂದರೆ ಆಟಿಕೆಯಲ್ಲ. ನಿಮ್ಮ ಪೇಟಿಯ ಮನೆಗಳ ಮೇಲೆ ಡ್ರಾಯಿಂಗ್ ಶೀಟು ಹಿಡಿದು, ಪೆನ್ಸಿಲಿನಿಂದ ಅಂಚು ಉಜ್ಜಿ, ಅಳತೆಗೆ ಅಳತೆ ಒಂದೂವರೆ ಸಪ್ತಕ ಇಳಿಸಿಕೊಳ್ಳಿ. ಕರಿ ಮನೆಗಳಿಗೆ ರಟ್ಟಿನ ತುಂಡು ಅಂಟಿಸಿ, ಬೆರಳಿಗೆ ಎತ್ತರ ತಿಳಿಯಬೇಕು. ಮೇಲೆ ಅಗಲದ ಸೆಲ್ಲೋಟೇಪ್. ಅದರ ಮೇಲೆ ಬೆರಳಾಡಿಸುತ್ತಾ ಬಾಯಲ್ಲಿ ಸ್ವರ ಹೇಳಬೇಕು. ಮನೆಗೆ ಒಯ್ಯಲು ಪ್ರತಿ ಮಗುವಿಗೂ ಒಂದು ಮಾಡಿಸಿ. ಮನೆಯಲ್ಲಿ ಪೇಟಿ ಇರುವ ಮಗುವಿಗೂ ಇಲ್ಲದ ಮಗುವಿಗೂ ನಡುವಿನ ಅಂತರ ಹೆಚ್ಚುವುದು ತರಗತಿ ಇಲ್ಲದ ನಾಲ್ಕು ದಿನಗಳಲ್ಲಿ.

ತಿಂಗಳ ಕೊನೆಗೆ ನಿಮಿಷ ಕೂಡಿಸಿ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಸಿಕ್ಕವರ ನಡುವೆ ಕಾಲು ಭಾಗಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಮುಂದಿನ ತಿಂಗಳ ಮೊದಲ ಎರಡು ತರಗತಿಯಲ್ಲಿ ಕಡಿಮೆ ಸಿಕ್ಕವರನ್ನೇ ಮೊದಲು ಕೂಡಿಸಿ. “ನನಗ ಪಾಳಿನ ಬಂದಿಲ್ರಿ ಸರ” ಎಂದು ಮಗು ಬಾಯಿ ಬಿಟ್ಟು ಹೇಳುವ ದಿನ ಬಂದರೆ ವಹಿ ಕೆಲಸ ಮಾಡುತ್ತಿದೆ ಎಂದರ್ಥ.

ಪಟ್ಟಿ ಮತ್ತು ಮೊದಲ ರಾಗಗಳು

ದೊಡ್ಡವರು ತಮ್ಮ ಪಟ್ಟಿಯಲ್ಲೇ ಕಲಿಸುವುದು ಸಾಮಾನ್ಯ ತಪ್ಪು. ಈ ವಯಸ್ಸಿನ ಹೆಚ್ಚಿನ ಮಕ್ಕಳಿಗೆ ಕರಿ 5, ಅಂದರೆ ಕಾಳಿ ಪಾಂಚ್, ಸಪ್ತಕದ ಐದನೇ ಕರಿ ಮನೆ, ಹಿತವಾಗುತ್ತದೆ. ಅಲ್ಲಿ ಭೂಪ ರಾಗ ಹಿಡಿದರೆ ಸಾ ಕರಿ 5, ರಿ ಬಿಳಿ 1, ಗ ಬಿಳಿ 2, ಪ ಬಿಳಿ 4, ಧ ಬಿಳಿ 5. ಮ, ನಿ ಇಲ್ಲದ ಐದೇ ಸ್ವರ, ಬೆರಳು ತಪ್ಪುವುದು ಕಡಿಮೆ.

ಬರೀ ಐದು ಕರಿ ಮನೆಗಳಲ್ಲೇ ಮೂರು ರಾಗಗಳ ಸ್ವರ ಅಡಗಿರುವುದು ಮಕ್ಕಳಿಗೆ ಬಹಳ ಖುಷಿ ಕೊಡುವ ಸಂಗತಿ. ಕರಿ 3 ಸಾ ಆದರೆ ಭೂಪ, ಕರಿ 1 ಸಾ ಆದರೆ ದುರ್ಗಾ, ಕರಿ 5 ಸಾ ಆದರೆ ಮಾಲಕಂಸ. ಬಿಳಿ ಮನೆ ಮುಟ್ಟದೆ ಮೊದಲ ವಾರವೇ ಮಗು ಒಂದು ರಾಗದ ಆರೋಹ ಅವರೋಹ ನುಡಿಸಿಬಿಡುತ್ತದೆ. ಕರಿ 3ರ ಭೂಪ ಬೆರಳಿಗಷ್ಟೇ ಇರಲಿ. ಹಾಡಿಸಲು ಹೋದರೆ ಕೆಳಗೆ ದನಿ ಒತ್ತುತ್ತದೆ, ಮೇಲಿನ ಸಪ್ತಕದಲ್ಲಿ ಕಿರುಚುತ್ತದೆ.

ತಾಳಕ್ಕೆ ಆರು ಮಾತ್ರೆಯ (ಎಣಿಕೆಯ) ದಾದ್ರಾದಿಂದ ಶುರು ಮಾಡಿ: ಧಾ ಧಿನ್ ನಾ, ಧಾ ತಿನ್ ನಾ. ನಂತರ ಕೇರವಾ. ಹದಿನಾರು ಮಾತ್ರೆಯ ತೀನತಾಳಕ್ಕೆ ಅವಸರ ಬೇಡ. ಬಂದಾಗ 1, 5, 13ಕ್ಕೆ ಚಪ್ಪಾಳೆ, 9ಕ್ಕೆ ಖಾಲಿ (ಚಪ್ಪಾಳೆ ಇಲ್ಲದ ಕೈ ಬೀಸು) ಎಂದು ಕೈಯಲ್ಲಿ ಗಟ್ಟಿಯಾಗಲಿ.

ಧ್ವನಿ ಪರೀಕ್ಷೆ ಮಾಡಿ ಮಕ್ಕಳನ್ನು ಆರಿಸಬೇಡಿ. “ಇವನಿಗೆ ಕಂಠ ಇಲ್ಲ” ಎನಿಸುವ ಮಗು ಬಹುಪಾಲು ಸ್ವರಕ್ಕೆ ದನಿ ಸೇರಿಸುವ ಅಭ್ಯಾಸವೇ ಇಲ್ಲದ ಮಗು. ಅದಕ್ಕೆ ಪೇಟಿಯ ಸ್ವರ ಹಿಡಿ ಎನ್ನಬೇಡಿ. “ನಿನಗ ಬಂದ ದನಿ ಹಚ್ಚು” ಎನ್ನಿ. ಮಗು ‘ಹೂಂ’ ಎಂದಾಗ ಆ ದನಿ ಯಾವ ಮನೆಯಲ್ಲಿದೆ ಎಂದು ನೀವು ಪೇಟಿಯಲ್ಲಿ ಹುಡುಕಿ, ಒತ್ತಿ ಹಿಡಿಯಿರಿ. ಎರಡೂ ಒಂದಾದಾಗ ಎದೆಯಲ್ಲಿ ಆಗುವ ಕಂಪನ ಮಗುವಿಗೆ ಗೊತ್ತಾಗುತ್ತದೆ, ಮುಖವೇ ಹೇಳುತ್ತದೆ. ಆಮೇಲೆ ಪಕ್ಕದ ಮನೆಗೆ ಸರಿಯಿರಿ, ದನಿಯೂ ಹಿಂದೆ ಬರುತ್ತದೆ. ದಿನಕ್ಕೆ ಎರಡು ನಿಮಿಷ, ಒಂದೆರಡು ತಿಂಗಳು. ಗಂಟಲು ಒಡೆಯುವ ವಯಸ್ಸಿನ ಹುಡುಗರಿಗೆ ಕೆಳಗಿನ ಐದು ಸ್ವರವಷ್ಟೇ ಕೊಡಿ, ಆದರೆ ಹಾಡಿನಿಂದ ಎಬ್ಬಿಸಿ ಕಳಿಸಬೇಡಿ.

ಗುಳೆ

ವಿಜಯಪುರ, ಬಾಗಲಕೋಟೆ ಕಡೆಯ ಎಷ್ಟೋ ಮನೆಗಳು ದೀಪಾವಳಿಯ ಆಸುಪಾಸಿಗೆ ಕಬ್ಬು ಕಡಿಯಲು ಗುಳೆ ಹೊರಡುತ್ತವೆ, ಮರಳುವುದು ಯುಗಾದಿಯ ಹೊತ್ತಿಗೆ. ತಾಂಡಾದವರು ದುಡಿಯಲು ಗೋವಾಕ್ಕೂ ಮಹಾರಾಷ್ಟ್ರಕ್ಕೂ ಹೋಗುತ್ತಾರೆ. ಮಕ್ಕಳೂ ಜೊತೆಗೆ. ಶಾಲೆಯ ವರ್ಷಕ್ಕೆ ಸರಿಯಾಗಿ ಪಾಠ ಕಟ್ಟಿದರೆ ನವೆಂಬರಿನಲ್ಲಿ ಹೋದ ಮಗು ಏಪ್ರಿಲಿನಲ್ಲಿ ಬಂದು ಮೂರು ರಾಗ ಹಿಂದೆ ಬಿದ್ದಿರುತ್ತದೆ, ಮತ್ತೆ ಒಳಗೆ ಕಾಲಿಡುವುದಿಲ್ಲ.

ಆದ್ದರಿಂದ ಹೊಸ ರಾಗ, ಹೊಸ ತಾಳವೆಲ್ಲ ಜೂನ್‌ನಿಂದ ಅಕ್ಟೋಬರ್ ಒಳಗೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಕಲಿತದ್ದನ್ನೇ ತಿದ್ದುವುದು, ಭಜನೆ, ವಚನ, ಜನಪದ ಹಾಡು, ತಾಳದ ಅಭ್ಯಾಸ. ಹೊರಡುವ ಮಗುವಿಗೆ ಕಾಗದದ ಪೇಟಿ, ಜೊತೆಗೆ ತಂದೆಯ ಮೊಬೈಲಿಗೆ ಮೂರು ಆಡಿಯೋ: ಕರಿ 5ರ ತಂಬೂರಿ, ಅಲಂಕಾರ, ಒಂದು ಹಾಡು. ಒಂದೊಂದೂ ಎರಡು ನಿಮಿಷ ಮೀರದಿರಲಿ, ಫೋನು ಸಂಜೆ ಹೊತ್ತು ಮಾತ್ರ ಮಗುವಿನ ಕೈಗೆ ಸಿಗುತ್ತದೆ. ವಹಿಯಿಂದ ಹೆಸರು ಹೊಡೆಯಬೇಡಿ. ‘ಗುಳೆ’ ಎಂದು ಬರೆದು ಚೌಕ ಖಾಲಿ ಬಿಡಿ. ಮರಳಿದ ಮೇಲೆ ಎರಡು ವಾರ ಪೇಟಿಯ ಮೊದಲ ಪಾಳಿ ಅವರದು.

ಹಲಗಿ, ಚೌಡಿಕೆ

ದಲಿತ ಓಣಿಯ ಮಗುವಿಗೆ ಹಲಗಿ, ಉಳಿದವರಿಗೆ ಪೇಟಿ ತಬಲಾ ಎಂದು ಹಂಚಿದರೆ ಊರಿನ ಹಳೆಯ ಪದ್ಧತಿಯನ್ನೇ ತರಗತಿಗೆ ತಂದಂತೆ. ಹಲಗಿಯನ್ನು ತರಗತಿಯಿಂದ ಹೊರಗಿಟ್ಟರೂ ಅಷ್ಟೇ ತಪ್ಪು. ಹಲಗಿಗೂ ಪಾಳಿ, ಎಲ್ಲ ಮಕ್ಕಳಿಗೂ. ಬಾಗಲಕೋಟೆಯ ಹೋಳಿಯಲ್ಲಿ ಹಲಗಿ ಸದ್ದು ಇಡೀ ಊರಿನದಾಗುತ್ತದೆ, ಆ ಮಾತು ಹೇಳಿದರೆ ಪಾಲಕರು ಬೇಗ ಒಪ್ಪುತ್ತಾರೆ. ಕಲಿಸಲು ಬರುವ ಹಲಗಿ ಕಲಾವಿದರಿಗೆ ಪೇಟಿ ಮಾಸ್ತರರಷ್ಟೇ ಗೌರವಧನ, ಅದೇ ಜಮಖಾನೆ, ಅದೇ ಲೋಟದಲ್ಲಿ ಚಹಾ. ಮಕ್ಕಳು ಇದನ್ನು ನೋಡುತ್ತಿರುತ್ತಾರೆ.

ಚೌಡಿಕೆಯ ವಿಷಯ ಇನ್ನೂ ಸೂಕ್ಷ್ಮ. ಸವದತ್ತಿಯ ಎಲ್ಲಮ್ಮನ ಪದಗಳ ಜೊತೆ ಬಂದ ಒಂಟಿ ತಂತಿಯ ವಾದ್ಯ ಅದು, ಆ ದೇವಿಯ ಹೆಸರಿನಲ್ಲೇ ಹುಡುಗಿಯರನ್ನು ದೇವದಾಸಿ ಬಿಡುತ್ತಿದ್ದರು. ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿದ್ದರೂ, ಆ ನೋವು ಉಂಡ ತಾಯಂದಿರ ಮಕ್ಕಳು ನಿಮ್ಮ ತರಗತಿಯಲ್ಲಿ ಇರಬಹುದು. ಯಾವ ಮಗುವಿನ ಕೈಗೂ ಆಕೆಯ ಮನೆತನ ನೋಡಿ ಚೌಡಿಕೆ ಕೊಡಬೇಡಿ, ಜೋಗತಿ ವೇಷ ಹಾಕಿಸಿ ವೇದಿಕೆಗೆ ಹತ್ತಿಸಬೇಡಿ.

ಹುಡುಗಿಯರು

ಹನ್ನೆರಡು ದಾಟಿದ ಹುಡುಗಿಯರು ಒಬ್ಬೊಬ್ಬರಾಗಿ ಉದುರುತ್ತಾರೆ. ಬೀಳಗಿಯ ಗಾಯಕಿ ಅಮೀರಬಾಯಿ ಕರ್ನಾಟಕಿ, ಶ್ರೀಕೃಷ್ಣ ಪಾರಿಜಾತ ಬಯಲಾಟದ ಕೌಜಲಗಿ ನಿಂಗಮ್ಮ ಇದೇ ನೆಲದವರು ಎಂದರೆ ಹಿರಿಯರು ತಲೆದೂಗುತ್ತಾರೆ. ತಾಯಿ ಕೇಳುವುದು ಬೇರೆ: ಮಗಳು ಎಷ್ಟಕ್ಕೆ ಮನೆ ಸೇರುತ್ತಾಳೆ, ಜೊತೆಗೆ ಯಾರು ಬರುತ್ತಾರೆ? ಶಾಲೆ ಬಿಟ್ಟ ಕೂಡಲೇ ತರಗತಿ ಶುರು ಮಾಡಿ, ಕತ್ತಲಾಗುವ ಮೊದಲು ಮುಗಿಸಿ. ಒಂದೇ ಓಣಿಯವರು ಜೊತೆಯಾಗಿ ಹೋಗಲಿ. ಪಾಲಕರ ಸಭೆ ಹಗಲು ಹನ್ನೊಂದಕ್ಕೆ ಇಟ್ಟರೆ ಹೊಲಕ್ಕೆ ಹೋದ ತಾಯಿ ಬರುವುದಿಲ್ಲ. ರಾತ್ರಿ ಊಟದ ಹೊತ್ತಿಗೆ ನೀವೇ ಓಣಿಗೆ ಹೋಗಿ.

ತರಗತಿಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರು, ಅವರಲ್ಲಿ ಒಬ್ಬರು ಅಕ್ಕೋರು (ಶಿಕ್ಷಕಿ). ಬಾಗಿಲು ತೆರೆದೇ ಇರಲಿ. ತಬಲಾದ ಮೇಲೆ ಕೈ ಇಡುವ ರೀತಿಯನ್ನು ತಮ್ಮ ಕೈಯಿಂದ ತೋರಿಸಬೇಕು, ಮಗುವಿನ ಕೈ ಹಿಡಿಯುವ ಮೊದಲು ಕೇಳಬೇಕು. ಗುರುಸೇವೆ ಎಂದು ಮಾಸ್ತರರ ಮನೆಗೆಲಸ ಮಾಡಿಸುವುದು ಬೇಡವೇ ಬೇಡ. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ದೊಡ್ಡದಾಗಿ ಬರೆದಿರಲಿ. ಬಾಲ್ಯವಿವಾಹದ ಸುಳಿವು ಸಿಕ್ಕಾಗಲೂ ಅದೇ ನಂಬರು.

ಪರೀಕ್ಷೆ, ವೇದಿಕೆ

ಎರಡನೇ ವರ್ಷದಿಂದ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪ್ರಾರಂಭಿಕ, ನಂತರ ಪ್ರವೇಶಿಕಾ ಪರೀಕ್ಷೆಗೆ ಕೂಡಿಸಬಹುದು. ರಾಜ್ಯದ ಜೂನಿಯರ್ ಪರೀಕ್ಷೆಯೂ ಇದೆ. ಕಾಗದದ ಮೇಲೆ ಹೆಸರಿರುವ ಪ್ರಮಾಣಪತ್ರ ಈ ಮಕ್ಕಳಿಗೆ ಮುಂದೆ ಬಾಗಿಲು ತೆರೆಯುತ್ತದೆ. ಎಡವುವುದು ಹಾಡಿನಲ್ಲಲ್ಲ, ಅರ್ಜಿಯಲ್ಲಿ: ಆಧಾರದಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು, ಅರ್ಜಿ ತುಂಬುವ ದಿನ ಮನೆಯವರು ಗುಳೆಯಲ್ಲಿ. ಫೋಟೋ, ಸಹಿ, ಕಾಗದಪತ್ರಗಳ ನಕಲು ಸೆಪ್ಟೆಂಬರಿನಲ್ಲೇ ತೆಗೆದಿಡಿ.

ಕಾರ್ಯಕ್ರಮದಲ್ಲಿ ಮುಂದಿನ ಸಾಲು, ಮೈಕು, ಒಂಟಿ ಸಾಲಿನ ಹಾಡು ಎಲ್ಲವೂ ಪಾಳಿ ವಹಿಯ ಪ್ರಕಾರ. ಹೊಸ ಬಟ್ಟೆ ಕಡ್ಡಾಯ ಮಾಡಬೇಡಿ, ಶಾಲೆಯ ಸಮವಸ್ತ್ರ ಸಾಕು. ದಾನಿಗಳು ಮಾತಾಡುವಾಗ “ಈ ಬಡ ಮಕ್ಕಳು” ಎನ್ನಬಾರದು ಎಂದು ಮೊದಲೇ ತಿಳಿಸಿ, ನಿರೂಪಣೆಯನ್ನು ಮಕ್ಕಳಿಗೇ ಕೊಡಿ. ತಾಂಡಾದ ಮಗು ಲಂಬಾಣಿ ಹಾಡು, ಉರ್ದು ಶಾಲೆಯ ಮಗು ಉರ್ದು ಪದ್ಯ, ಬೆಳಗಾವಿಯ ಮರಾಠಿ ಮನೆಯ ಮಗು ಅಭಂಗ ತಂದರೆ ಎಲ್ಲರೂ ಕಲಿತು ಹಾಡಲಿ, ಆ ಮಗುವೇ ಕಲಿಸಲಿ.

ಎರಡು ವರ್ಷ ಮುಗಿಸಿದವರು ಹೊಸಬರಿಗೆ ವಾರಕ್ಕೆ ಒಂದು ದಿನ ಅಲಂಕಾರ ಹೇಳಿಕೊಡಬಹುದು. ಅಲ್ಲಿಯೂ ಚೆನ್ನಾಗಿ ಹಾಡುವ ಒಬ್ಬರನ್ನೇ ಕರೆಯಬೇಡಿ, ವಹಿಯಲ್ಲಿ ‘ಕಲಿಸಿದ್ದು’ ಎಂದು ಇನ್ನೊಂದು ಚೌಕ ಎಳೆಯಿರಿ. ಹದಿನೆಂಟು ತುಂಬಿದ ಮೇಲೂ ಬಂದು ಕಲಿಸುವವರಿಗೆ ಗೌರವಧನ ಕೊಡಿ, ಮಾಸ್ತರರ ದರದಲ್ಲೇ.