ಎಂಜಿನ್ ಮೌಂಟ್ ಬದಲಿಸುವಾಗ ಎಂಜಿನ್‌ಗೆ ಆಸರೆ ಕೊಟ್ಟ ಬಗೆ

ಕಾರು ನಿಂತಲ್ಲೇ ಸ್ಟೀರಿಂಗ್ ನಡುಗುತ್ತಿತ್ತು, ಗೇರ್ ಹಾಕಿದರೆ ಬಾನೆಟ್ ಒಳಗಿಂದ ಟಕ್ ಎಂಬ ಸದ್ದು. ನೋಡಿದರೆ ಎಂಜಿನನ್ನು ಕಾರಿನ ಚೌಕಟ್ಟಿಗೆ ಹಿಡಿದಿಡುವ ಬಲಗಡೆಯ ಮೌಂಟಿನ ರಬ್ಬರ್ ಸೀಳಿತ್ತು.

ಬೋಲ್ಟ್ ಬಿಚ್ಚುವುದು ಸುಲಭ. ಬಿಚ್ಚಿದ ಮೇಲೆ ಎಂಜಿನ್ ಭಾರ ಯಾವುದರ ಮೇಲೆ ನಿಲ್ಲಬೇಕು ಎನ್ನುವುದೇ ಮುಖ್ಯ. ಮೊದಲು ಜ್ಯಾಕನ್ನು ನೇರವಾಗಿ ಎಂಜಿನ್ ತಳದ ಆಯಿಲ್ ತೊಟ್ಟಿಗೆ, ಅಂದರೆ ಆಯಿಲ್ ಸಂಪ್‌ಗೆ ಕೊಟ್ಟೆ. ತಗಡು ಬಾಗತೊಡಗಿತು, ತಕ್ಷಣ ಇಳಿಸಿದೆ. ಇನ್ನಷ್ಟು ತಗ್ಗಾಗಿ ಒಳಗೆ ಆಯಿಲ್ ಹೀರುವ ಪಿಕಪ್ ಕೊಳವೆಗೆ ತಾಗಿದ್ದರೆ ಎಂಜಿನ್‌ಗೆ ಆಯಿಲ್ ಸರಿಯಾಗಿ ಸಿಗದೆ ಹೋಗಬಹುದಿತ್ತು.

ಮತ್ತೆ ಶುರುಮಾಡಿದೆ. ಸಮತಟ್ಟಾದ ಗಟ್ಟಿ ನೆಲ, ಹ್ಯಾಂಡ್‌ಬ್ರೇಕ್, ಹಿಂದಿನ ಚಕ್ರಗಳಿಗೆ ಅಡೆ, ಕಾರಿನ ಮುಂಭಾಗ ಜ್ಯಾಕ್ ಸ್ಟ್ಯಾಂಡ್‌ಗಳ ಮೇಲೆ. ಸಂಪ್‌ನಷ್ಟೇ ಅಗಲದ, 2 ಇಂಚು ದಪ್ಪದ ಮರದ ಹಲಗೆಯನ್ನು ಜ್ಯಾಕ್ ಮೇಲಿಟ್ಟು ನಿಧಾನವಾಗಿ ಎತ್ತಿದೆ. ಮೌಂಟ್ ಬೋಲ್ಟಿನ ಮೇಲಿನ ಭಾರ ಇಳಿದ ಕೂಡಲೇ ನಿಲ್ಲಿಸಿದೆ. ಹೆಚ್ಚು ಎತ್ತಿದರೆ ರೇಡಿಯೇಟರ್ ಹೋಸು, ವೈರುಗಳು ಎಳೆತಕ್ಕೆ ಸಿಗುತ್ತವೆ. ಸಂಪ್ ಪ್ಲಾಸ್ಟಿಕ್ಕಿನದಾದರೆ ಈ ದಾರಿಯೇ ಬೇಡ, ಮೇಲಿನಿಂದ ಎಂಜಿನ್ ಹಿಡಿಯುವ ಸಪೋರ್ಟ್ ಬಾರ್ ಬಳಸಿ. ಹೈಡ್ರಾಲಿಕ್ ಜ್ಯಾಕ್ ಮೆಲ್ಲನೆ ಕುಸಿಯಬಲ್ಲದು, ಹಾಗಾಗಿ ಎಂಜಿನ್ ಕೆಳಗೆ ಕೈಯನ್ನೂ ಚಾಚಲಿಲ್ಲ.

ಹೊಸ ಮೌಂಟಿನ ಬೋಲ್ಟ್‌ಗಳನ್ನೆಲ್ಲ ಮೊದಲು ಕೈಯಲ್ಲೇ ಹತ್ತಿಸಿ, ಎಂಜಿನ್ ಭಾರ ಮೌಂಟಿನ ಮೇಲೆ ಕೂತ ಬಳಿಕ ಟಾರ್ಕ್ ವ್ರೆಂಚಿನಲ್ಲಿ ಮ್ಯಾನುಯಲ್ ಹೇಳಿದಷ್ಟು ಬಿಗಿಮಾಡಿದೆ. ನಡುಕ ನಿಂತಿದೆ.