ಉದ್ರಿ ಪುಸ್ತಕದ ಕ್ರಿಸ್‌ಮಸ್

ಡಿಸೆಂಬರ್ ಬಂತು ಅಂದ್ರೆ ನಮ್ಮ ಕಾರವಾರದಲ್ಲಿ ಕಂಬಳಿ, ಚಾದರ ಹಂಚುವವರು ಜಾಸ್ತಿ. ಘಟ್ಟದ ಮೇಲೆ ಶಿರಸಿ, ಯಲ್ಲಾಪುರದಲ್ಲಿ ಹಂಚಿದರೆ ಅರ್ಥ ಇದೆ. ಅಲ್ಲಿ ಬೆಳಗಿನ ಚಳಿಗೆ ಹಲ್ಲು ಕಟಕಟ ಅನ್ನುತ್ತದೆ. ಕಡಲ ಬದಿಯ ನಮ್ಮೂರಲ್ಲಿ ಕ್ರಿಸ್‌ಮಸ್ ರಾತ್ರಿಯ ಬಲಿಪೂಜೆಗೂ ಇಗರ್ಜಿಯಲ್ಲಿ ಫ್ಯಾನ್ ಹಾಕಬೇಕು. ನನಗೆ ಗೊತ್ತಿರುವ ಒಂದು ಮನೆಯ ಅಟ್ಟದಲ್ಲಿ ಹೀಗೆ ಬಂದ ಚಾದರಗಳ ಗಂಟೇ ಇದೆ. ಅದೇ ಮನೆಯವರು ಮೂಲೆ ಅಂಗಡಿಯಲ್ಲಿ ಮಾಡಿದ ಮಳೆಗಾಲದ ಉದ್ರಿ ಮಾತ್ರ ಇನ್ನೂ ತೀರಿರಲಿಲ್ಲ.

ಆ ಉದ್ರಿ ತೀರಿಸುವ ಕೆಲಸವನ್ನು ನಾವು ಒಂದಷ್ಟು ಜನ ಸೇರಿ ಕೆಲವು ವರ್ಷಗಳಿಂದ ಮಾಡುತ್ತಿದ್ದೇವೆ. ನಾನು ಶಾಲೆಯಿಂದ ನಿವೃತ್ತಳಾದವಳು, ಓಣಿಯವರಿಗೆ ಈಗಲೂ ಅಕ್ಕೋರು. ಜೊತೆಗೆ ನಮ್ಮ ಇಗರ್ಜಿಯ ನಾಲ್ಕಾರು ಹೆಂಗಸರು, ಪಕ್ಕದ ಮನೆಯ ನಾಯ್ಕ ದಂಪತಿ, ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು. ಸಂಘ ಅಂತ ಹೆಸರಿಲ್ಲ, ಬ್ಯಾನರ್ ಇಲ್ಲ. ಹೇಗೆ ಮಾಡ್ತೀರಿ ಅಂತ ಕೇಳುವವರಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಈ ಉದ್ರಿ ಹುಟ್ಟುವುದು ಎಲ್ಲಿ ಅಂತ ನೋಡಿ. ಜೂನ್ 1ರಿಂದ ಜುಲೈ 31ರ ತನಕ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ ಅದು. 10 ಅಶ್ವಶಕ್ತಿಗಿಂತ ದೊಡ್ಡ ಮೋಟರ್ ಕಟ್ಟಿದ ದೋಣಿಗೂ ಅದೇ ನಿಯಮ. ನಾಡದೋಣಿಗೆ ನಿಷೇಧ ಇಲ್ಲ, ಆದರೆ ಆಷಾಢದ ಕಡಲಿಗೆ ನಾಡದೋಣಿ ಇಳಿಸುವ ಧೈರ್ಯ ಎಷ್ಟು ಜನಕ್ಕೆ ಇರುತ್ತದೆ? ಬೈತಖೋಲದ ಬಂದರಿನಲ್ಲಿ ದೋಣಿ ಸಾಲಾಗಿ ನಿಂತರೆ ದೋಣಿಯವನ ಆದಾಯ ಮಾತ್ರ ನಿಲ್ಲುವುದಿಲ್ಲ. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವ ಹೆಂಗಸು, ಐಸ್ ಒಡೆಯುವವನು, ಬಲೆ ಹೆಣೆಯುವವನು, ಪೆಟ್ಟಿಗೆ ಸಾಗಿಸುವ ರಿಕ್ಷಾದವನು, ಎಲ್ಲರೂ ಕೈಕಟ್ಟಿ ಕೂರುತ್ತಾರೆ. ಅದೇ ಹೊತ್ತಿಗೆ ಶಾಲೆ ಶುರುವಾಗಿರುತ್ತದೆ. ಫೀಸು, ನೋಟ್‌ಬುಕ್, ಛತ್ರಿ, ರೇನ್‌ಕೋಟ್ ಎಲ್ಲ ಒಟ್ಟಿಗೇ ಬರುತ್ತವೆ. ಮೀನುಗಾರರು ಕಟ್ಟುವ 1,500 ರೂಪಾಯಿಗೆ ಸರ್ಕಾರ 3,000 ಸೇರಿಸಿ ಬಿಡುವಿನ ತಿಂಗಳುಗಳಲ್ಲಿ ಕೊಡುವ ಯೋಜನೆ ಇದೆ. ಒಟ್ಟು 4,500. ಅಷ್ಟರಲ್ಲಿ ಒಂದು ಸಂಸಾರದ ಮಳೆಗಾಲ ಕಳೆಯುತ್ತದೆಯೇ? ಆಗಸ್ಟ್‌ನಲ್ಲಿ ದೋಣಿ ಇಳಿದು ನಾಲ್ಕು ಕಾಸು ಕೈಗೆ ಬರುವಷ್ಟರಲ್ಲಿ ಚೌತಿ. ನಮ್ಮ ಕಡೆ ಚೌತಿ ಸಣ್ಣ ಹಬ್ಬ ಅಲ್ಲ. ಹಾಗಾಗಿ ಜೂನ್‌ನ ಬಾಕಿ ಡಿಸೆಂಬರ್‌ನಲ್ಲೂ ಪುಸ್ತಕದಲ್ಲೇ ಉಳಿದಿರುತ್ತದೆ.

ನಮ್ಮ ಓಣಿಯ ಅಂಗಡಿಯ ಉದ್ರಿ ಪುಸ್ತಕವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಕೆಂಪು ರಟ್ಟಿನ ಉದ್ದನೆಯ ಪುಸ್ತಕ, ಅಂಚೆಲ್ಲ ಎಣ್ಣೆ ಕುಡಿದು ಕಪ್ಪಾಗಿದೆ. ಪುಟದ ತಲೆಗೆ ಸರಿಯಾದ ಹೆಸರು ಇರುವುದು ಕಡಿಮೆ. ‘ಬಲೆಯವ’, ‘ಗೇಟಿನ ಮನೆ’, ‘ಮೀನು ಬಾಯಿ ಸಣ್ಣವಳು’ ಅಂತೆಲ್ಲ ಬರೆದಿರುತ್ತದೆ. ಕೆಳಗೆ ತೊಗರಿಬೇಳೆ ಅರ್ಧ ಕೆಜಿ, ಚಹಾಪುಡಿ, ಸಾಬೂನು, ಎಣ್ಣೆ ಪ್ಯಾಕೆಟ್, ಹತ್ತು ರೂಪಾಯಿ ಬಿಸ್ಕತ್ತು. ಅಕ್ಕಿ ಮಾತ್ರ ಅಪರೂಪ. ಅಕ್ಕಿ ರೇಷನ್ ಅಂಗಡಿಯಿಂದ ಬರುತ್ತದೆ. ಆದರೂ ಹಬ್ಬದ ಕಿಟ್ ಅಂತ ಕೊಡುವವರೆಲ್ಲ ಮೊದಲು ಅಕ್ಕಿ ಮೂಟೆಯನ್ನೇ ಹೊರಿಸಿಕೊಂಡು ಬರುತ್ತಾರೆ. ಅನ್ನಕ್ಕೆ ಸಾರು ಬೇಡ್ವಾ?

ದುಡ್ಡು ಕೂಡಿಸುವ ಬಗೆ ಸರಳ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ನಮಗೆ ಆಗಮನ ಕಾಲ. ಅಷ್ಟೂ ಭಾನುವಾರ ನಮ್ಮ ಮನೆಯಲ್ಲಿ ಒಂದು ಡಬ್ಬ ಇಡುತ್ತೇನೆ. ಯಾರು ಎಷ್ಟು ಹಾಕಿದರು ಅಂತ ಬರೆದಿಡುವುದಿಲ್ಲ. ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ಖರ್ಚನ್ನೂ ಅರ್ಧಕ್ಕೆ ಇಳಿಸಿದ್ದೇವೆ. ಕೇಕು, ದೋದೋಲ್, ಕಲ್‌ಕಲ್ ಎಲ್ಲ ಈಗಲೂ ಮಾಡುತ್ತೇವೆ, ಪ್ರಮಾಣ ಮಾತ್ರ ಕಡಿಮೆ. ನೆವ್ರಿ (ಕರ್ಜಿಕಾಯಿ) ಮಾತ್ರ ಕಡಿಮೆ ಮಾಡಿಲ್ಲ. ಚೌತಿಗೆ ಓಣಿಯ ಹಿಂದೂ ಮನೆಗಳಿಂದ ನೆವ್ರಿ ನಮಗೆ ಬಂದಿರುತ್ತದೆ, ಕ್ರಿಸ್‌ಮಸ್‌ಗೆ ನಮ್ಮ ನೆವ್ರಿ ಆ ಮನೆಗಳಿಗೆ ಹೋಗಲೇಬೇಕು. ಅದು ದಾನ ಅಲ್ಲ, ಲೇವಾದೇವಿ.

ಅಂಗಡಿಯವರ ಜೊತೆ ಮಾತಾಡುವುದೇ ಕಷ್ಟದ ಭಾಗ. ಭಾನುವಾರ ಸಂತೆ, ಅವತ್ತು ಹೋಗಬೇಡಿ. ಬೇರೆ ದಿನ ಮಧ್ಯಾಹ್ನ ಊಟದ ನಂತರ, ಗಿರಾಕಿ ಇಲ್ಲದ ಹೊತ್ತಿಗೆ ಹೋಗಿ. ನಮ್ಮ ಕರಾರು ಇಷ್ಟೇ: ಯಾರ ಪುಟ ಅಂತ ನಮಗೆ ಹೇಳಬೇಡಿ, ಬರೀ ಮೊತ್ತ ಹೇಳಿ. ಇಷ್ಟಕ್ಕೇ ಬಿಟ್ಟರೆ ಒಂದು ತೊಡಕಿದೆ. ಅಂಗಡಿಯವರು ಮೊದಲು ತೀರಿಸುವುದು ಬಾರದ ಬಾಕಿಯನ್ನು. ಊರು ಬಿಟ್ಟು ಹೋದವರದು, ಜಗಳ ಮಾಡಿ ಬೇರೆ ಅಂಗಡಿ ಹಿಡಿದವರದು. ಅಂಗಡಿಯವರದೂ ತಪ್ಪಲ್ಲ, ವ್ಯಾಪಾರ ಅಲ್ವಾ? ಅದಕ್ಕೆ ಇನ್ನೊಂದು ಮಾತು ಸೇರಿಸಿದೆವು. ಹೋದ ತಿಂಗಳೂ ಸಾಮಾನು ಒಯ್ದಿರಬೇಕು, ಜೊತೆಗೆ ಕಳೆದ ಮಳೆಗಾಲದ ಬಾಕಿ ಇರಬೇಕು. ಒಂದು ಪುಟಕ್ಕೆ ಹೆಚ್ಚೆಂದರೆ ಎರಡು ಸಾವಿರ. ದೊಡ್ಡ ಬಾಕಿ ಇದ್ದರೆ ಅಷ್ಟು ಇಳಿಯುತ್ತದೆ, ಸಣ್ಣದಾದರೆ ಪೂರ್ತಿ ತೀರುತ್ತದೆ. ನಾವು ಇಷ್ಟು ಕೊಡುತ್ತೇವೆ, ನೀವೂ ಒಂದು ಚೂರು ಬಿಡಿ ಅಂತ ಕೇಳುತ್ತೇವೆ. ಹೆಚ್ಚಿನವರು ಬಿಡುತ್ತಾರೆ.

ನಮ್ಮಲ್ಲೇ ಒಬ್ಬರು ಬೀಡಿ, ಗುಟ್ಕಾ ಲೆಕ್ಕ ಕಳೆದು ಕೊಡೋಣ ಅಂದರು. ನಾನು ಒಪ್ಪಲಿಲ್ಲ. ಬೇಳೆಯ ಸಾಲಿಗೆ ಹೌದು, ಬೀಡಿಯ ಸಾಲಿಗೆ ಇಲ್ಲ ಅಂತ ಪೆನ್ನು ಹಿಡಿದು ಕೂತರೆ ನಾವು ಅವರ ಅತ್ತೆಯರಾಗುತ್ತೇವೆ.

ಗುಟ್ಟಾಗಿ ಯಾಕೆ ಅಂತ ಹಲವರು ಕೇಳುತ್ತಾರೆ. ಸಾಂತಾಕ್ಲಾಸ್ ಕಥೆಯ ಮೂಲದಲ್ಲಿರುವ ಸಂತ ನಿಕೋಲಸ್ ಈಗಿನ ಟರ್ಕಿಯ ಮೈರಾ ಎಂಬ ಊರಿನ ಬಿಷಪ್. ಮೂರು ಹೆಣ್ಣುಮಕ್ಕಳ ಮದುವೆಗೆ ಗತಿಯಿಲ್ಲದ ಬಡವನ ಮನೆಗೆ ರಾತ್ರಿ ಹೊತ್ತು ಕಿಟಕಿಯಿಂದ ಹೊನ್ನಿನ ಗಂಟು ಎಸೆದು ಹೋದ ಅನ್ನುವುದು ಅವನ ಬಗ್ಗೆ ಹೇಳುವ ಕಥೆ. ಅವನ ಹಬ್ಬ ಡಿಸೆಂಬರ್ 6ಕ್ಕೆ. ಅಂಥವನ ಹೆಸರಲ್ಲಿ ಕೆಂಪು ಟೊಪ್ಪಿ ಹಾಕಿಕೊಂಡು, ಕಿಟ್ ಕೈಗಿಟ್ಟು, ಮೊಬೈಲ್ ಕಡೆ ನೋಡಿ ನಗಿ ಅನ್ನುವುದು ನನಗಂತೂ ಸರಿಕಾಣುವುದಿಲ್ಲ. ಇನ್ನೊಂದು ಕಾರಣವೂ ಇದೆ, ಮುಚ್ಚಿಡುವುದೇಕೆ? ನಮ್ಮಲ್ಲಿ ಹೆಚ್ಚಿನವರು ಕ್ರೈಸ್ತರು, ಉದ್ರಿ ಪುಸ್ತಕದಲ್ಲಿ ಇರುವವರು ಹೆಚ್ಚಾಗಿ ಹಿಂದೂಗಳು. ಕ್ರಿಸ್‌ಮಸ್ ಹೆಸರಲ್ಲಿ ಮನೆಗೆ ದುಡ್ಡು ಒಯ್ದರೆ ಬೇರೆ ಅರ್ಥ ಕಟ್ಟುವವರು ಈಗ ಎಲ್ಲ ಊರಲ್ಲೂ ಇದ್ದಾರೆ. ಪುಸ್ತಕದ ಪುಟಕ್ಕೆ ಜಾತಿ ಧರ್ಮ ಇಲ್ಲ, ಕೊಟ್ಟವರ ಹೆಸರೂ ಇಲ್ಲ. ಎರಡೂ ಕಡೆಗೆ ನೆಮ್ಮದಿ.

ಆದರೆ ಗುಟ್ಟೂ ಎಲ್ಲರಿಗೂ ಹಿಡಿಸುವುದಿಲ್ಲ. ಒಮ್ಮೆ ಮೀನು ಮಾರುವ ಹಿರಿಯ ಹೆಂಗಸೊಬ್ಬರು ಅಂಗಡಿಗೆ ಬಂದು ಖಾಲಿ ಬುಟ್ಟಿ ಕೆಳಗಿಟ್ಟು, ಸೊಂಟದ ಚೀಲದಿಂದ ಮಡಿಸಿದ ನೋಟು ತೆಗೆದು ಇನ್ನೂರು ರೂಪಾಯಿ ಜಮಾ ಮಾಡಿಕೋ ಅಂದರು. ನಾನು ಅಲ್ಲೇ ಸಕ್ಕರೆ ಕಟ್ಟಿಸುತ್ತಿದ್ದೆ. ಅಂಗಡಿಯ ಹುಡುಗ, ನಿಮ್ಮದು ತೀರಿತು ಅಜ್ಜಿ, ಯಾರೋ ಪುಣ್ಯಾತ್ಮರು ಕೊಟ್ಟರು ಅಂದ. ಅಜ್ಜಿಯ ಮುಖ ಕೆಂಪಾಯಿತು. “ಯಾರ ಹತ್ರ ಬೇಡಿದ್ದೆ ನಾನು? ಆ ಗೆರೆ ತೆಗೆ. ನನ್ನ ಲೆಕ್ಕ ಮೊದಲಿನ ಹಾಗೇ ಬರೆ” ಅಂದರು. ಹುಡುಗ ನನ್ನ ಮುಖ ನೋಡಿದ. ನಾನು ಸಕ್ಕರೆ ಪೊಟ್ಟಣ ನೋಡಿದೆ. ಮತ್ತೆ ಬರೆಸಿ, ಇನ್ನೂರು ಜಮಾ ಮಾಡಿಸಿ, ಬುಟ್ಟಿ ತಲೆಗೇರಿಸಿಕೊಂಡೇ ಅವರು ಹೋದರು. ಆ ದುಡ್ಡು ಬೇರೆ ಪುಟಕ್ಕೆ ಹೋಯಿತು. ಈಗ ಅಂಗಡಿಯವರೇ ಮೊದಲು, “ಯಾರೋ ಒಂದಿಷ್ಟು ಕೊಡ್ತಾರಂತೆ, ನಿಮ್ಮ ಲೆಕ್ಕಕ್ಕೆ ಹಿಡಿಯಲಾ?” ಅಂತ ಕೇಳುತ್ತಾರೆ. ಬೇಡ ಅನ್ನುವವರು ಕೆಲವರು ಇದ್ದೇ ಇರುತ್ತಾರೆ. ಬೇಡ ಅಂದರೆ ಬೇಡ.

ಔಷಧಿ ಅಂಗಡಿಯನ್ನು ಆಮೇಲೆ ಸೇರಿಸಿಕೊಂಡೆವು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗೂ ಉದ್ರಿ ನಡೆಯುತ್ತದೆ, ಆದರೆ ಹೆಚ್ಚು ದಿನ ಕೊಡುವುದಿಲ್ಲ. ಬಾಕಿ ಜಾಸ್ತಿಯಾದರೆ ಜನ ನಾಚಿಕೆಗೆ ಆ ಅಂಗಡಿ ಬಿಡುತ್ತಾರೆ, ಮಾತ್ರೆಯನ್ನೂ ಬಿಡುತ್ತಾರೆ. ಹಾಗಾಗಿ ಇಲ್ಲಿ ಒಂದು ರೂಪಾಯಿ ಹಾಕಿದರೂ ಕಿರಾಣಿಗಿಂತ ಹೆಚ್ಚು ಕೆಲಸ ಮಾಡುತ್ತದೆ ಅಂತ ನನ್ನ ಲೆಕ್ಕ. ಆಸ್ಪತ್ರೆಯ ಓಡಾಟದ ಖರ್ಚು ಮಾತ್ರ ನಮ್ಮ ಡಬ್ಬಕ್ಕೆ ಮೀರಿದ್ದು. ನಮ್ಮ ಜಿಲ್ಲೆಯವರಿಗೆ ದೊಡ್ಡ ಕಾಯಿಲೆ ಬಂದರೆ ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಇಲ್ಲಾ ಗೋವಾ. ರೋಗಿಯ ಜೊತೆ ಹೋದವರ ಊಟ, ವಸತಿ, ಬಸ್ಸಿಗೇ ಸಾವಿರಗಟ್ಟಲೆ ಆಗುತ್ತದೆ. ಅಂಥವರನ್ನು ಇಗರ್ಜಿಯ ಸೇವಾ ಗುಂಪಿನ ಹತ್ತಿರ ಕಳಿಸುತ್ತೇವೆ.

ತೆರಿಗೆ ರಿಯಾಯಿತಿ ಸಿಗುತ್ತಾ ಅಂತ ಕೇಳುವವರಿಗೆ ನಮ್ಮ ಬ್ಯಾಂಕಿನವರ ಉತ್ತರ ಯಾವಾಗಲೂ ತಯಾರು. ಆ ರಿಯಾಯಿತಿ ಬೇಕಾದರೆ ಅದಕ್ಕೆಂದೇ ನೋಂದಣಿ ಆಗಿರುವ ಸಂಸ್ಥೆಗೇ ಕೊಡಬೇಕು. ಅಲ್ಲಿಯೂ 2,000ಕ್ಕಿಂತ ಜಾಸ್ತಿ ನಗದಾಗಿ ಕೊಟ್ಟರೆ ಸಿಗುವುದಿಲ್ಲ, ಸಾಮಾನಿನ ರೂಪದಲ್ಲಿ ಕೊಟ್ಟಿದ್ದಕ್ಕಂತೂ ಇಲ್ಲವೇ ಇಲ್ಲ. ಉದ್ರಿ ಪುಸ್ತಕಕ್ಕೆ ರಸೀದಿ ಎಲ್ಲಿಂದ ತರೋದು? ರಸೀದಿ ಬೇಕು ಅನ್ನುವವರು ಅಂಥ ಸಂಸ್ಥೆಗೆ ಚೆಕ್ ಬರೆಯಲಿ, ಅದೂ ಒಳ್ಳೆಯ ಕೆಲಸವೇ.

ಬಂದರಿನಲ್ಲಿ ಒಡಿಶಾ, ಜಾರ್ಖಂಡ್ ಕಡೆಯ ಹುಡುಗರೂ ಇದ್ದಾರೆ. ದೋಣಿಯಲ್ಲೇ ಅಡುಗೆ, ದೋಣಿಯಲ್ಲೇ ನಿದ್ದೆ, ಹಾಗಾಗಿ ಯಾವ ಉದ್ರಿ ಪುಸ್ತಕದಲ್ಲೂ ಅವರು ಸಿಗುವುದಿಲ್ಲ. ಏನು ಬೇಕು ಅಂತ ಕೇಳಿದಾಗ ಮೊಬೈಲ್ ರೀಚಾರ್ಜ್ ಅಂದರು. ಹಬ್ಬದ ದಿನ ಊರಿಗೆ ವಿಡಿಯೋ ಕಾಲ್ ಮಾಡಬೇಕಂತೆ. ನನ್ನ ಮೊಮ್ಮಗ ಅಲ್ಲೇ ನಿಂತು ಒಬ್ಬೊಬ್ಬರದೇ ನಂಬರ್ ಹಾಕಿ ಮಾಡಿಕೊಟ್ಟ.

ಈ ಸಲದಿಂದ ಡಬ್ಬದ ದುಡ್ಡಿನಲ್ಲಿ ಮೂರನೇ ಒಂದು ಪಾಲು ಎತ್ತಿಡೋಣ ಅಂತ ಮಾತಾಗಿದೆ. ಕ್ರಿಸ್‌ಮಸ್‌ಗೆ ಕೊಡುವ ಕೈ ಸಾಕಷ್ಟಿದೆ, ಜೂನ್‌ನಲ್ಲಿ ಯಾರೂ ಇಲ್ಲ. ದೋಣಿ ದಡಕ್ಕೆ ಬರುವ ಮುಂಚೆಯೇ, ಮೇ ಕೊನೆಯ ವಾರ, ಶಾಲಾ ಸಾಮಾನಿನ ಅಂಗಡಿಗೆ ಒಂದಿಷ್ಟು ಮುಂಗಡ ಕಟ್ಟಿಬಿಡುವುದು. ಡಬ್ಬದ ಕೀಲಿ ನಾಯ್ಕರ ಹೆಂಡತಿಯ ಹತ್ತಿರ ಇರುತ್ತದೆ. ನನ್ನ ಹತ್ತಿರ ಇದ್ದರೆ ಜನವರಿಯಲ್ಲೇ ಖಾಲಿ ಮಾಡ್ತೀರಿ ಅಂತ ಅವರ ಆರೋಪ.